ಆ ಗೋಡೆಗೆ ಸುಣ್ಣ ಹೊಡೆಯುವ ಮುನ್ನ

ಕೋಲಾರ ಜಿಲ್ಲೆಯ ಆವನಿ ಬೆಟ್ಟ ಕಣ್ಣಳತೆಯಲ್ಲಿರುವ ಒಂದು ಹಳ್ಳಿಯ ಶಾಲೆಯ ಹೊರಗೋಡೆಯ ಮೇಲೆ ಎರಡು ಡೈನೋಸಾರ್‌ಗಳಿವೆ. ಒಂದು ಕೊಳದಲ್ಲಿ ಹೊಟ್ಟೆಮಟ್ಟ ಮುಳುಗಿ, ಹಾವಿನಂತೆ ಕತ್ತೆತ್ತಿ ನಿಂತಿದೆ. ಇನ್ನೊಂದು ದಡದಲ್ಲಿ ಬಾಲವನ್ನು ನೆಲಕ್ಕೆ ಊರಿ, ಎದೆ ಸೆಟೆದು, ಮನುಷ್ಯನ ಹಾಗೆ ನೆಟ್ಟಗೆ ನಿಂತಿದೆ. ಮೈಗೆ ಬೂದುಹಸಿರು, ಬಾಯೊಳಗೆ ಕುಂಕುಮದ ಕೆಂಪು. ಎಣ್ಣೆಬಣ್ಣದ ಈ ಚಿತ್ರಕ್ಕೆ ಮೂವತ್ತು ವರ್ಷ ದಾಟಿದೆ. ಕೆಳಗಡೆ ಮಳೆನೀರು ಸಿಡಿದು ಬಣ್ಣ ಚಕ್ಕೆಯೆದ್ದಿದೆ, ಮೇಲ್ಭಾಗ ಹಾಗೇ ಇದೆ. ಗೋಡೆಗೆ ಮುಖ ಹತ್ತಿಸಿ ನೋಡಿದರೆ ನಿಂತ ಪ್ರಾಣಿಯ ಕಾಲಿನ ಬಳಿ ಪೆನ್ಸಿಲ್ಲಿನಲ್ಲಿ ಎಳೆದ ಚೌಕಗಳ ಗೆರೆ ಇನ್ನೂ ಕಾಣುತ್ತದೆ. ಯಾವುದೋ ಪುಸ್ತಕದ ಅಂಗೈಯಗಲದ ಚಿತ್ರವನ್ನು ಚೌಕ ಹಾಕಿ ಗೋಡೆಯಷ್ಟು ದೊಡ್ಡದು ಮಾಡಿದ ಕೈ ಅದು. ಬರೆದವರು ಅಂಗಡಿ ಬೋರ್ಡು, ಲಾರಿಯ ಹಿಂಬದಿ ಬರೆದು ಬದುಕಿದ ಕಲಾವಿದರು. ಈಗ ಅವರಿಲ್ಲ.

ಶಾಲೆಗೆ ಸುಣ್ಣಬಣ್ಣ ಮಾಡಿಸುವ ಮಾತು ಬಂದಾಗ ಈ ಚಿತ್ರವನ್ನು ಅಳಿಸಬೇಡಿ ಎಂದು ಕೇಳಿಕೊಂಡೆ. ಪಕ್ಕದ ಖಾಲಿ ಗೋಡೆಯಲ್ಲಿ ಇವತ್ತಿನ ತಿಳಿವಳಿಕೆಯ ಚಿತ್ರ ಬರೆಸಿ, ಎರಡರ ಕೆಳಗೂ ಇಸವಿ ಹಾಕಿ ಎಂದೆ. ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು, ಇದಕ್ಕೆ ವಿರೋಧ ಬರುತ್ತದೆ ಎಂದು ಎಣಿಸಿರಲಿಲ್ಲ. ಬಂತು. ಪಾಠ ಹೇಳುವವರಿಂದ, ಊರ ಹಿರಿಯರಿಂದ, ನನ್ನದೇ ಹಳೆಯ ವಿದ್ಯಾರ್ಥಿಗಳಿಂದ ಬಂತು. ಯಾರೂ ದುರುದ್ದೇಶದಿಂದ ಹೇಳಿದವರಲ್ಲ. ಅದಕ್ಕೇ ಒಂದೊಂದು ಮಾತಿಗೂ ಉತ್ತರ ಕೊಡುವುದು ನನ್ನ ಕರ್ತವ್ಯ ಅನ್ನಿಸಿದೆ.

ಮೊದಲನೆಯ ಮಾತು: ಚಿತ್ರ ತಪ್ಪು, ತಪ್ಪನ್ನು ಮಕ್ಕಳ ಕಣ್ಣೆದುರು ಇಡಬಾರದು.

ಚಿತ್ರ ತಪ್ಪು ಎಂಬುದನ್ನು ಒಪ್ಪುತ್ತೇನೆ. ಇಷ್ಟು ದೊಡ್ಡ ಮೈಯನ್ನು ಕಾಲುಗಳು ಹೊರಲಾರವು, ನೀರಿನಲ್ಲಿ ತೇಲಿಸಿಕೊಂಡೇ ಬದುಕಿರಬೇಕು ಎಂದು ಒಂದು ಕಾಲದಲ್ಲಿ ವಿದ್ವಾಂಸರು ನಂಬಿದ್ದರು. ಅಷ್ಟು ಆಳದಲ್ಲಿ ನಿಂತರೆ ನೀರಿನ ಒತ್ತಡಕ್ಕೆ ಎದೆಗೂಡು ಹಿಗ್ಗಲಾರದು, ಉಸಿರಾಡಲು ಆಗದು ಎಂದು 1951ರಲ್ಲಿ ಕೆರ್ಮ್ಯಾಕ್ ಎಂಬ ಇಂಗ್ಲಿಷ್ ವಿಜ್ಞಾನಿ ತೋರಿಸಿದರು. ನೆಟ್ಟಗೆ ನಿಂತ ಪ್ರಾಣಿಯದೂ ಅದೇ ಕಥೆ. ಕಲ್ಲಾಗಿ ಉಳಿದ ಹೆಜ್ಜೆಗುರುತುಗಳ ಸಾಲಿನಲ್ಲಿ ಬಾಲ ಎಳೆದ ಗೀರು ಕಾಣುವುದೇ ಅಪರೂಪ. ಬಾಲ ಹಿಂದಕ್ಕೆ ಚಾಚಿ, ತಲೆಯ ತೂಕಕ್ಕೆ ಸರಿದೂಗುತ್ತಿತ್ತು. ಬೆನ್ನು ನೆಲಕ್ಕೆ ಸಮವಾಗಿತ್ತು.

ಆದರೆ ಇದೆಲ್ಲ ಗೊತ್ತಾದದ್ದು ಹೇಗೆ ಎಂದು ಮಗು ಕೇಳಿದರೆ ಏನು ತೋರಿಸುತ್ತೀರಿ? ಬರೀ ಹೊಸ ಚಿತ್ರ ತೋರಿಸಿದರೆ ವಿಜ್ಞಾನ ಆಕಾಶದಿಂದ ಉದುರಿದ್ದು ಅಂದುಕೊಳ್ಳುತ್ತದೆ. ಇಗ್ವಾನೊಡಾನ್ ಎಂಬ ಒಂದೇ ಪ್ರಾಣಿಯ ಮೂರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1825ರಲ್ಲಿ ಗಿಡಿಯನ್ ಮ್ಯಾಂಟೆಲ್ ಎಂಬ ಇಂಗ್ಲೆಂಡಿನ ವೈದ್ಯ ಕೆಲವು ಹಲ್ಲುಗಳ ಆಧಾರದಲ್ಲಿ ಅದಕ್ಕೆ ಹೆಸರಿಟ್ಟ. ಮುಂದೆ ಸಿಕ್ಕ ಮೂಳೆಗಳ ನಡುವೆ ಒಂದು ಚೂಪಾದ ಕೊಂಬಿನಂಥದಿತ್ತು. ಅದನ್ನು ಮೂಗಿನ ಮೇಲಿಟ್ಟರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಅದನ್ನು ಘೇಂಡಾಮೃಗದಂತೆ ನಾಲ್ಕು ಕಾಲಿನ ಮೇಲೆ, ಮೂಗಿನ ಮೇಲೆ ಕೊಂಬಿನೊಂದಿಗೆ ನಿಲ್ಲಿಸಿದ. 1878ರಲ್ಲಿ ಬೆಲ್ಜಿಯಂ ದೇಶದ ಬರ್ನಿಸಾರ್ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ, 322 ಮೀಟರ್ ಆಳದಲ್ಲಿ, ಆಳುಗಳ ಗುದ್ದಲಿಗೆ ಇದೇ ಪ್ರಾಣಿಯ ಇಡಿಯ ಅಸ್ಥಿಪಂಜರಗಳು ತಾಕಿದವು. ಮೂರು ಕಿಲೋಮೀಟರಿಗೂ ಕೆಳಗಿಳಿದು ದುಡಿದ ಕೆಜಿಎಫ್ ಗಣಿ ಕಾರ್ಮಿಕರ ಮನೆಗಳಿರುವ ಜಿಲ್ಲೆ ನಮ್ಮದು. ಕತ್ತಲಲ್ಲಿ ಗೋಡೆ ಕೆತ್ತುವಾಗ ಕೈಗೆ ಸಿಕ್ಕಿದ್ದು ಕಲ್ಲೋ ಇನ್ನೊಂದೋ ಎಂಬ ಆ ಗಳಿಗೆಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆ ಪಂಜರಗಳನ್ನು ನೋಡಿದ ಲೂಯಿ ಡೊಲ್ಲೊ ಎಂಬ ವಿಜ್ಞಾನಿ, ಮೂಗಿನ ಕೊಂಬು ವಾಸ್ತವವಾಗಿ ಕೈಯ ಹೆಬ್ಬೆರಳು ಎಂದು ಕಂಡುಕೊಂಡರು. ಜೊತೆಗೆ ಪ್ರಾಣಿಯನ್ನು ಕಾಂಗರೂವಿನಂತೆ ನೆಟ್ಟಗೆ ನಿಲ್ಲಿಸಿದರು. ಅದೂ ತಪ್ಪೇ. ಹಾಗೆ ಬಾಗಬೇಕಾದರೆ ಬಾಲ ಮುರಿಯಬೇಕು ಎಂದು 1980ರಲ್ಲಿ ಡೇವಿಡ್ ನಾರ್ಮನ್ ತೋರಿಸಿದರು.

ಒಂದು ತಪ್ಪು ತಿದ್ದುವಾಗ ಇನ್ನೊಂದು ತಪ್ಪು ಹುಟ್ಟಿತು, ಅದನ್ನೂ ಮುಂದಿನವರು ತಿದ್ದಿದರು. ಈ ಮೂರು ಚಿತ್ರಗಳಷ್ಟು ಸ್ಪಷ್ಟವಾಗಿ ವಿಜ್ಞಾನದ ನಡೆಯನ್ನು ತಿಳಿಸುವ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಕ್ರಿಸ್ಟಲ್ ಪ್ಯಾಲೆಸ್ಸಿನ ಆ ತಪ್ಪು ಇಗ್ವಾನೊಡಾನ್ ಇವತ್ತಿಗೂ ಅದೇ ಉದ್ಯಾನದಲ್ಲಿ ನಿಂತಿದೆ. ಇಂಗ್ಲೆಂಡಿನ ಸರ್ಕಾರ ಅದನ್ನು ಅತ್ಯುನ್ನತ ದರ್ಜೆಯ ಸಂರಕ್ಷಿತ ಸ್ಮಾರಕವಾಗಿ ಕಾಪಾಡುತ್ತಿದೆ.

ನಮ್ಮ ಗೋಡೆಯ ಚಿತ್ರಕ್ಕೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಪೀಬಡಿ ಮ್ಯೂಸಿಯಂ ಗೋಡೆಯ ಮೇಲೆ ರುಡಾಲ್ಫ್ ಜಾಲಿಂಗರ್ 1943ರಿಂದ 1947ರವರೆಗೆ ಕೂತು ಸರೀಸೃಪಗಳ ಯುಗವನ್ನು ಬರೆದರು. 110 ಅಡಿ ಉದ್ದ, 16 ಅಡಿ ಎತ್ತರ. 1953ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಗಿ, ಅಲ್ಲಿಂದ ಜಗತ್ತಿನ ಮಕ್ಕಳ ಪುಸ್ತಕಗಳಿಗೆಲ್ಲ ಹರಡಿತು. ಬಾಲ ಎಳೆಯುವ, ಊದಿಕೊಂಡ ಮೈಯ, ನಿಧಾನದ ಪ್ರಾಣಿಗಳು. ನಮ್ಮ ಬೋರ್ಡ್ ಕಲಾವಿದರ ಕೈಗೆ ಸಿಕ್ಕ ಪುಸ್ತಕವೂ ಆ ವಂಶದ್ದೇ ಎಂದು ಭಂಗಿ ನೋಡಿದರೆ ನನಗನ್ನಿಸುತ್ತದೆ. ಜಾಲಿಂಗರ್ ಚಿತ್ರವನ್ನು ಸುಳ್ಳು ಮಾಡಿದವರು ಎಲ್ಲೋ ದೂರದವರಲ್ಲ. ಅದೇ ಯೇಲ್‌ನ ಜಾನ್ ಆಸ್ಟ್ರಮ್ 1969ರಲ್ಲಿ ಡೈನೊನೈಕಸ್ ಎಂಬ ಚುರುಕಿನ ಬೇಟೆಗಾರ ಪ್ರಾಣಿಯನ್ನು ವರ್ಣಿಸಿದರು. ಅವರ ವಿದ್ಯಾರ್ಥಿ ರಾಬರ್ಟ್ ಬ್ಯಾಕರ್ ಅದನ್ನು ಬಾಲ ಚಾಚಿ ಓಡುವಂತೆ ಬರೆದ. ಆ ಒಂದು ರೇಖಾಚಿತ್ರ ಜಾಲಿಂಗರ್ ಗೋಡೆಯನ್ನು ಹಳೆಯದು ಮಾಡಿತು. ಆದರೂ ಯೇಲ್‌ನವರು ಗೋಡೆಗೆ ಸುಣ್ಣ ಹೊಡೆಯಲಿಲ್ಲ. ದೊಡ್ಡ ನವೀಕರಣ ಮುಗಿಸಿ 2024ರಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗಲೂ ಚಿತ್ರ ಇದ್ದಲ್ಲೇ ಇದೆ. ಅಲ್ಲಿ ಮೂಳೆಗಳೂ ಇವೆ, ದುಡ್ಡೂ ಇದೆ, ವಿದ್ವಾಂಸರೂ ಇದ್ದಾರೆ. ಅವರಿಗೆ ಉಳಿಸಬೇಕು ಅನ್ನಿಸಿದ್ದನ್ನು ನಾವು ಅಳಿಸಹೊರಟರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಎರಡನೆಯ ಮಾತು ಹೇಳಿದವರು ಹೊಲ-ಮನೆ ನೋಡಿಕೊಂಡಿರುವ ಹಿರಿಯರು. ‘ನಾಲ್ಕು ಮೂಳೆ ಸಿಕ್ಕಿದರೆ ಆನೆಗಿಂತ ದೊಡ್ಡ ಪ್ರಾಣಿ ಬರೆದುಬಿಡುತ್ತಾರೆ. ಕಂಡವರು ಯಾರು ಮೇಷ್ಟ್ರೇ? ಇದೆಲ್ಲ ಕಲ್ಪನೆ’ ಅಂದರು.

ಅಣ್ಣಾ, ಶಿವರಾತ್ರಿ ಹೊತ್ತಿಗೆ ಆವನಿ ದನಗಳ ಜಾತ್ರೆಗೆ ನಿಮ್ಮ ಜೊತೆ ನಾನೂ ಬಂದಿದ್ದೇನೆ. ಹೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಕೆಳತುಟಿಯನ್ನು ಹೆಬ್ಬೆರಳಿನಲ್ಲಿ ಮಡಚಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೀವು ಒಂದೇ ನೋಟಕ್ಕೆ ಹೇಳಿದಿರಿ. ಮಾರುವವನು ಮೂರು ವರ್ಷ ಅಂದ, ನೀವು ಇಲ್ಲ, ಐದು ದಾಟಿದೆ ಅಂದಿರಿ, ಅವನು ಬಾಯಿ ಮುಚ್ಚಿದ. ಆಮೇಲೆ ಗೊರಸು ನೋಡಿದಿರಿ, ಹಿಂಗಾಲಿನ ಕೀಲು ನೋಡಿದಿರಿ, ಹೆಗಲ ಮೇಲೆ ಕೈಯಾಡಿಸಿ ನೊಗ ಹೊತ್ತದ್ದೋ ಗಾಡಿ ಎಳೆದದ್ದೋ ಎಂದೂ ಹೇಳಿದಿರಿ. ಆ ಹೋರಿ ಹುಟ್ಟಿದ್ದನ್ನು ನೀವು ಕಂಡಿರಲಿಲ್ಲ. ಹಲ್ಲು ಸವೆದ ರೀತಿ, ಮೂಳೆಗೆ ಮಾಂಸ ಅಂಟಿದ ಜಾಗ, ಕೀಲು ಮಡಚುವ ದಿಕ್ಕು ನಿಮಗೆ ಸಾಕ್ಷಿ ಹೇಳಿದವು.

ಪಳೆಯುಳಿಕೆ ಓದುವವರು ಮಾಡುವುದೂ ಇದನ್ನೇ. ಹುಲ್ಲು ಅರೆಯುವ ಹಲ್ಲಿಗೂ ಮಾಂಸ ಸೀಳುವ ಹಲ್ಲಿಗೂ ಆಕಾರವೇ ಬೇರೆ. ಸ್ನಾಯು ಅಂಟಿದ ಕಡೆ ಮೂಳೆಯ ಮೇಲೆ ಒರಟು ಗುರುತು ಉಳಿಯುತ್ತದೆ. 1804ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಜಾರ್ಜ್ ಕುವಿಯೆ ಎಂಬ ವಿಜ್ಞಾನಿ ಒಂದು ಕಲ್ಲಿನಲ್ಲಿ ಅರ್ಧ ಹುದುಗಿದ್ದ ಸಣ್ಣ ಪ್ರಾಣಿಯ ಹಲ್ಲು ನೋಡಿ, ಇದು ಹೊಟ್ಟೆಯ ಮೇಲೆ ಮರಿಚೀಲವಿರುವ ಜಾತಿಯದು, ಸೊಂಟದ ಮುಂದೆ ಆ ಜಾತಿಗೆ ಇರುವ ಎರಡು ಮೂಳೆ ಇರಲೇಬೇಕು ಎಂದ. ಸಾಕ್ಷಿಗಳ ಎದುರು ಕಲ್ಲನ್ನು ಸೂಕ್ಷ್ಮವಾಗಿ ಕೊರೆದ. ಎರಡೂ ಮೂಳೆ ಅಲ್ಲಿದ್ದವು. ನಿಮ್ಮ ಎದುರು ಮಾರುವವನು ಬಾಯಿ ಮುಚ್ಚಿದ ಹಾಗೆಯೇ ಅಲ್ಲಿಯೂ ಆಗಿರಬೇಕು.

ಹಾಗೆಂದು ಚಿತ್ರದಲ್ಲಿರುವುದೆಲ್ಲ ಮೂಳೆ ಹೇಳಿದ್ದು ಎಂದು ನಾನು ವಾದಿಸುವುದಿಲ್ಲ. ದವಡೆ ಮೂಳೆಯೊಂದನ್ನು ನಿಮ್ಮ ಕೈಗೆ ಕೊಟ್ಟರೆ ವಯಸ್ಸು ಹೇಳುತ್ತೀರಿ, ಮೈಬಣ್ಣ ಹೇಳಲಾರಿರಿ, ಸುಳಿ ಎಲ್ಲಿತ್ತೆಂದು ಹೇಳಲಾರಿರಿ. ಗೋಡೆಯ ಮೇಲಿನ ಬೂದುಹಸಿರು ಕಲಾವಿದರ ಊಹೆ. ಎಲ್ಲಿ ಸಾಕ್ಷಿ ನಿಂತಿತು, ಎಲ್ಲಿ ಊಹೆ ಶುರುವಾಯಿತು ಎಂಬ ಗಡಿಯನ್ನು ಮಕ್ಕಳಿಗೆ ತೋರಿಸಬೇಕು. ಆ ಗಡಿ ಸರಿಯುತ್ತಲೂ ಇರುತ್ತದೆ. 1996ರಲ್ಲಿ ಚೀನಾದಲ್ಲಿ ಸೈನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್ ಮೈತುಂಬ ನವಿರುಗಳ ಅಚ್ಚಿನೊಂದಿಗೆ ಸಿಕ್ಕಿತು. 2010ರಲ್ಲಿ ಆ ನವಿರಿನೊಳಗಿನ ಬಣ್ಣದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಾಲದ ಮೇಲೆ ಕೆಂಗಂದು ಪಟ್ಟೆಗಳಿದ್ದವು ಎಂದು ಹೇಳಿದರು. ಇಂಥ ಕಣಗಳು ಉಳಿದಿರುವ ಕೆಲವೇ ಪ್ರಾಣಿಗಳಿಗೆ ಈಗ ಊಹೆಯ ಬಣ್ಣ ಬೇಕಾಗಿಲ್ಲ.

ನಮ್ಮ ದೇಶದಲ್ಲೂ ಇಂಥ ತಿದ್ದುಪಡಿ ನಡೆದಿದೆ. 1836ರಲ್ಲಿ ಹ್ಯೂ ಫಾಲ್ಕನರ್, ಪ್ರೋಬಿ ಕಾಟ್ಲಿ ಎಂಬಿಬ್ಬರು ಶಿವಾಲಿಕ್ ಬೆಟ್ಟದಲ್ಲಿ ಸಿಕ್ಕ ಭಾರಿ ತಲೆಬುರುಡೆಯೊಂದಕ್ಕೆ ಶಿವನ ಹೆಸರನ್ನೇ ಸೇರಿಸಿ ‘ಶಿವಥೀರಿಯಂ’ ಎಂದು ಕರೆದರು. ಅದಕ್ಕೆ ಸೊಂಡಿಲಿತ್ತೆಂದು ಭಾವಿಸಿದರು, ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಆನೆಯ ಛಾಯೆ ಇದೆ. ಅದು ಜಿರಾಫೆಯ ಬಳಗದ್ದು ಎಂಬುದು ಈಗ ಖಚಿತ. ಸೊಂಡಿಲು ಹೋಯಿತು, ಶಿವ ಉಳಿದ.

ಮೂರನೆಯ ಮಾತು ನನ್ನನ್ನು ಹೆಚ್ಚು ಕಾಡಿದ್ದು. ಹೇಳಿದವನು ಓದಿದ ಹುಡುಗ, ನನ್ನ ಶಿಷ್ಯ. ‘ಸಾರ್, ವಿದೇಶದವರ ಚಿತ್ರ ಯಾಕೆ? ನಮ್ಮ ಆವನಿ ದೇವಸ್ಥಾನದಲ್ಲೇ ಡೈನೋಸಾರ್ ಕೆತ್ತಿದ್ದಾರಲ್ಲ, ಯಾಳಿ ಅಂದರೆ ಅದೇ. ನಮ್ಮ ಪೂರ್ವಿಕರು ಕಣ್ಣಾರೆ ಕಂಡಿದ್ದರು’ ಅಂದ. ಇಂಥ ವೀಡಿಯೊಗಳು ಅವನ ಫೋನಿಗೆ ದಿನಾ ಬರುತ್ತವಂತೆ. ಕಾಂಬೋಡಿಯಾದ ತಾ ಪ್ರೋಮ್ ದೇವಾಲಯದ ಒಂದು ಸಣ್ಣ ಉಬ್ಬುಶಿಲ್ಪವನ್ನು, ಬೆನ್ನ ಮೇಲೆ ಫಲಕಗಳಿದ್ದ ಸ್ಟೆಗೊಸಾರಸ್ ಎಂಬ ಡೈನೋಸಾರ್ ಎಂದು ಸಾರುವ ವೀಡಿಯೊವನ್ನೂ ತೋರಿಸಿದ. ಆ ಶಿಲ್ಪದ ಬೆನ್ನಿನ ಮೇಲಿನ ‘ಫಲಕ’ಗಳು ಹಿನ್ನೆಲೆಯ ಎಲೆಯಲಂಕಾರ. ಅಕ್ಕಪಕ್ಕದ ಶಿಲ್ಪಗಳ ಸುತ್ತಲೂ ಅಂಥ ಅಲಂಕಾರವಿದೆ.

ಅವನನ್ನು ಕರೆದುಕೊಂಡು ಆವನಿಯ ರಾಮಲಿಂಗೇಶ್ವರ ಗುಡಿಗಳ ಆವರಣಕ್ಕೆ ಹೋದೆ. ನೊಳಂಬರ ಕಾಲದ, ಹತ್ತನೆಯ ಶತಮಾನದ ಕೆಲಸ. ಲಕ್ಷ್ಮಣೇಶ್ವರ ಗುಡಿಯ ಅಧಿಷ್ಠಾನದ ಪಟ್ಟಿಕೆಯ ಮುಂದೆ ಕೂತೆವು. ಆನೆ, ಸಿಂಹ, ಯಾಳಿ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ನೋಡಬೇಕು ಇವನ್ನು, ಆಗ ಉಳಿಯೇಟಿನ ಗುರುತೂ ಎದ್ದು ಕಾಣುತ್ತದೆ. ಯಾಳಿಯ ಒಂದೊಂದು ಅಂಗವನ್ನೂ ಹೆಸರಿಸು ಎಂದೆ. ಸಿಂಹದ ಪಂಜ, ಸಿಂಹದ ಕೇಸರ, ಉಬ್ಬಿದ ಕಣ್ಣು. ಬೇರೆ ಗುಡಿಗಳ ಯಾಳಿಗಳನ್ನು ನೆನಪಿಸಿಕೋ ಎಂದೆ. ಕೆಲವಕ್ಕೆ ಸೊಂಡಿಲು, ಕೆಲವಕ್ಕೆ ಕೊಂಬು, ವಿಜಯನಗರ ಕಾಲದ ಕಂಬಗಳಲ್ಲಿ ಬೆನ್ನ ಮೇಲೆ ಸವಾರ. ಮಕರವನ್ನು ತೆಗೆದುಕೊಂಡರೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಬಾಲದ ಕಡೆ ಬಳ್ಳಿಯ ಸುರುಳಿ. ಇದರಲ್ಲಿ ಶಿಲ್ಪಿಗೆ ಗೊತ್ತಿಲ್ಲದ ಪ್ರಾಣಿಯ ಒಂದಂಗವೂ ಇಲ್ಲ. ಸಿಂಹದ ಕೇಸರ ಯಾವ ಡೈನೋಸಾರಿಗಿತ್ತು?

ಕಾಲದ ಲೆಕ್ಕ ಹಾಕೋಣ. ಹಕ್ಕಿಗಳನ್ನು ಬಿಟ್ಟರೆ ಉಳಿದ ಡೈನೋಸಾರ್‌ಗಳೆಲ್ಲ ಅಳಿದು 6.6 ಕೋಟಿ ವರ್ಷವಾಯಿತು. ನಮ್ಮ ಜಾತಿಯ ಮನುಷ್ಯ ಬಂದು ಸುಮಾರು 3 ಲಕ್ಷ ವರ್ಷ. ಆ 6.6 ಕೋಟಿ ವರ್ಷವನ್ನು ಒಂದು ವರ್ಷ ಅಂದುಕೊಂಡರೆ ಮನುಷ್ಯ ಕಾಲಿಟ್ಟದ್ದು ಕೊನೆಯ ಎರಡು ದಿನಗಳಲ್ಲಿ. ನೊಳಂಬರ ಶಿಲ್ಪಿ ಉಳಿ ಹಿಡಿದದ್ದು ಕೊನೆಯ ಎಂಟು ನಿಮಿಷದಲ್ಲಿ.

ನನ್ನ ಸಂಕಟ ಇಸವಿಯ ಲೆಕ್ಕಕ್ಕಿಂತ ದೊಡ್ಡದು. ಯಾಳಿಯನ್ನು ಡೈನೋಸಾರ್ ಅನ್ನುವುದು ಶಿಲ್ಪಿಗೆ ಮಾಡುವ ಮರ್ಯಾದೆ ಎಂದು ನನ್ನ ಶಿಷ್ಯ ತಿಳಿದಿದ್ದಾನೆ. ಅದು ಅವಮಾನ. ಕಂಡದ್ದನ್ನು ನಕಲು ಮಾಡಿದ ಅನ್ನುವುದಕ್ಕಿಂತ, ಕಾಣದ ಪ್ರಾಣಿಯನ್ನು ಕಂಡ ಪ್ರಾಣಿಗಳಿಂದ ಕಟ್ಟಿ, ಅದಕ್ಕೆ ಉಸಿರು ತುಂಬಿದ ಅನ್ನುವುದು ಎಷ್ಟು ದೊಡ್ಡ ಮಾತು! ಸಿಂಹದ ಭುಜಕ್ಕೆ ಆನೆಯ ಸೊಂಡಿಲು ಅಂಟಿಸಿದರೂ ಎಲ್ಲೂ ಹೊಲಿಗೆ ಕಾಣದ ಹಾಗೆ ಕಟ್ಟುವುದು ಹುಡುಗಾಟವಲ್ಲ. ಗಂಡಭೇರುಂಡ ನಮ್ಮ ರಾಜ್ಯದ ಲಾಂಛನ. ಎರಡು ತಲೆಯ ಹಕ್ಕಿ ಎಲ್ಲೋ ಹಾರುತ್ತಿತ್ತು ಎಂದು ಯಾರೂ ವಾದಿಸುವುದಿಲ್ಲ, ಆದ್ದರಿಂದ ಅದರ ಘನತೆ ಒಂದಿಷ್ಟೂ ಕಡಿಮೆಯಾಗಿಲ್ಲ.

ಪುರಾಣ ಮತ್ತು ಪಳೆಯುಳಿಕೆಯ ನಂಟನ್ನು ಗಂಭೀರವಾಗಿ ಯೋಚಿಸಿದವರೂ ಇದ್ದಾರೆ. ಅದೇ ಫಾಲ್ಕನರ್ ಶಿವಾಲಿಕ್‌ನಲ್ಲಿ ದೈತ್ಯ ಆಮೆಯ ಪಳೆಯುಳಿಕೆ ಸಿಕ್ಕಾಗ, ಭೂಮಿಯನ್ನು ಹೊತ್ತ ಕೂರ್ಮದ ನಮ್ಮ ಕಥೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿಕೊಂಡರು. ಅವರು ಪ್ರಶ್ನೆಯಾಗಿ ಇಟ್ಟದ್ದನ್ನು ಉತ್ತರವೆಂದು ಸಾರಿಬಿಟ್ಟರೆ ಕೂರ್ಮನಿಗೂ ನ್ಯಾಯವಿಲ್ಲ, ಆಮೆಗೂ ಇಲ್ಲ. ಶಿಷ್ಯ ಆವತ್ತು ಒಪ್ಪಿದನೋ ಇಲ್ಲವೋ, ಆದರೆ ಗುಡಿಯಿಂದ ಹೊರಡುವಾಗ ಯಾಳಿಯ ಫೋಟೊ ತೆಗೆದುಕೊಂಡ. ಅದನ್ನು ನೋಡಿ ಬರೆಯುವ ಅಭ್ಯಾಸ ಮಾಡು ಎಂದು ಹೇಳಿದ್ದೇನೆ.

ನಾಲ್ಕನೆಯ ಮಾತು: ಕೋಲಾರಕ್ಕೂ ಡೈನೋಸಾರಿಗೂ ಏನು ಸಂಬಂಧ? ಇಲ್ಲಿ ಒಂದು ಮೂಳೆಯೂ ಸಿಕ್ಕಿಲ್ಲ. ರೇಷ್ಮೆಯದೋ ಮಾವಿನದೋ ಚಿತ್ರ ಬರೆಸಬಾರದೇ?

ಬರೆಸೋಣ, ಅದಕ್ಕೂ ಗೋಡೆ ಇದೆ. ಇಲ್ಲಿ ಮೂಳೆ ಸಿಗುವುದಿಲ್ಲ ಎಂಬುದೂ ನಿಜ. ಆದರೆ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಾಲಡಿಯಲ್ಲಿದೆ. ಕೋಲಾರದ ಚಿನ್ನದ ಪಟ್ಟಿಯ ಬಂಡೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಪೆದ್ದಪಲ್ಲಿಯ ಅಗ್ನಿಶಿಲೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಮೊದಲ ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ನಮ್ಮ ಬಂಡೆ ಹುಟ್ಟಿ 247 ಕೋಟಿ ವರ್ಷ ಕಳೆದ ಮೇಲೆ! ಮೂಳೆ ಉಳಿಯಬೇಕಾದರೆ ಮಣ್ಣು, ಮರಳು ಪದರಪದರವಾಗಿ ಬಿದ್ದು ಅದನ್ನು ಮುಚ್ಚಬೇಕು. ಆ ಕಾಲದ ಅಂಥ ಪದರ ನಮ್ಮ ಕಡೆ ಇಲ್ಲ. ಈ ಪಾಠವನ್ನು ಆವನಿ ಬೆಟ್ಟದ ಬಂಡೆಯ ಮೇಲೆ ಮಕ್ಕಳನ್ನು ಕೂರಿಸಿ ಹೇಳುವಷ್ಟು ಚೆನ್ನಾಗಿ ಬೇರೆಲ್ಲಿ ಹೇಳಲಾದೀತು?

ಕರ್ನಾಟಕದ ನೆಲ ಪ್ರಾಚೀನ ಪ್ರಾಣಿಗಳ ವಿಷಯದಲ್ಲಿ ಪೂರ್ತಿ ಬರಿದೂ ಅಲ್ಲ. ಗೋಕಾಕದ ಹತ್ತಿರದ ಚಿಕದೌಳಿಯಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿ, ದಖ್ಖನಿನ ಹೆಸರನ್ನೇ ಅದಕ್ಕಿಟ್ಟ. ಈಗ ಕಬ್ಬು ಬೆಳೆಯುವ ಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು.

ಇನ್ನು ನೆರೆಯ ತಮಿಳುನಾಡಿನ ಕಥೆ. ಚಿತ್ರಗಳನ್ನು ಯಾಕೆ ಉಳಿಸಬೇಕು ಎಂದು ಕೇಳುವ ಎಲ್ಲರಿಗೂ ಇದೊಂದನ್ನೇ ಹೇಳಿದರೂ ಸಾಕು. ಅರಿಯಲೂರು ಕಡೆಯ ಕಲ್ಲಮೇಡು ಎಂಬಲ್ಲಿ ಭಾರಿ ಗಾತ್ರದ ಮೂಳೆಗಳು ಸಿಕ್ಕವು. ಕಾಲಿನ ಒಂದು ಮೂಳೆಯೇ ಎರಡು ಮೀಟರ್ ಉದ್ದ. 1987ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಯಾದಗಿರಿ ಮತ್ತು ಅಯ್ಯಸಾಮಿ ಅದಕ್ಕೆ ಇಟ್ಟ ಹೆಸರು ಬೃಹತ್ಕಾಯೊಸಾರಸ್. ಬೃಹತ್ಕಾಯ, ನಾವು ದಿನಾ ಆಡುವ ಮಾತು. ಜಗತ್ತಿನಲ್ಲಿ ನಡೆದಾಡಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಇದೂ ಒಂದಿರಬಹುದು ಎಂಬ ಚರ್ಚೆ ಇವತ್ತಿಗೂ ನಡೆದಿದೆ. ಆದರೆ ಮೂಳೆ ಈಗಿಲ್ಲ. ಪುಡಿಯಾಗುವ ಗುಣದ ಮೂಳೆ, ನಮ್ಮ ಮಳೆಗಾಲದ ತೇವ. ಉದುರಿ ಹೋಯಿತು. ವರ್ಷಗಟ್ಟಲೆ ಜಗತ್ತಿನ ವಿದ್ವಾಂಸರ ಕೈಯಲ್ಲಿ ಉಳಿದದ್ದು ಅಚ್ಚಾದ ಕೆಲವು ರೇಖಾಚಿತ್ರಗಳು ಮಾತ್ರ. ಅವು ಒರಟಾಗಿವೆ, ಸಾಲವು ಎಂದು ಹಲವರು ಗೊಣಗಿದರು. ಅದು ಮೂಳೆಯೇ ಅಲ್ಲ, ಮರದ ಕಾಂಡವಿರಬಹುದು ಎಂದು ಸಂಶಯಪಟ್ಟವರೂ ಇದ್ದರು. 2022ರಲ್ಲಿ ಅಗೆತದ ಕಾಲದ ಹಳೆಯ ಫೋಟೊಗಳು ಹೊರಬಂದ ಮೇಲೆ ಚರ್ಚೆಗೆ ಮತ್ತೆ ಜೀವ ಬಂತು.

ಇಂಥದೇ ಇನ್ನೊಂದು ಕಥೆ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಪ್ರವಾಸ ಹೋದ ನಮ್ಮ ಮಕ್ಕಳು ತಲೆಯಾಡಿಸಿ ಗರ್ಜಿಸುವ ಸ್ಪೈನೋಸಾರಸ್ ಮಾದರಿಯ ಮುಂದೆ ನಿಂತು ಕಿರುಚುತ್ತಾರೆ. ಆ ಪ್ರಾಣಿಯ ಮೂಲ ಮೂಳೆಗಳು 1912ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಸಿಕ್ಕವು. 1915ರಲ್ಲಿ ಎರ್ನ್ಸ್ಟ್ ಸ್ಟ್ರೋಮರ್ ಎಂಬ ಜರ್ಮನ್ ವಿದ್ವಾಂಸ ಒಂದೊಂದು ಮೂಳೆಯನ್ನೂ ಸೂಕ್ಷ್ಮವಾಗಿ ಬರೆಸಿ ಪ್ರಕಟಿಸಿದ. 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ನಗರದ ಮೇಲೆ ಬಾಂಬು ಬಿದ್ದು ಮ್ಯೂಸಿಯಂ ಸಮೇತ ಮೂಳೆಗಳೆಲ್ಲ ನಾಶವಾದವು. ಸ್ಟ್ರೋಮರನ ಚಿತ್ರಗಳು ಉಳಿದಿದ್ದವು. 2014ರಲ್ಲಿ, ಮತ್ತೆ 2020ರಲ್ಲಿ ಮೊರಾಕೊದ ಹೊಸ ಮೂಳೆಗಳನ್ನು ವರ್ಣಿಸಿದಾಗ ಇದು ಅದೇ ಪ್ರಾಣಿ ಎಂದು ಹೋಲಿಸಿ ನೋಡಲು ಆಧಾರವಾದದ್ದು ಆ ಹಳೆಯ ಹಾಳೆಗಳೇ. 2020ರ ಮೂಳೆಗಳಿಂದ ಅದರ ಬಾಲ ದೋಣಿಯ ಹುಟ್ಟಿನಂತೆ ಅಗಲವಾಗಿತ್ತು ಎಂದು ತಿಳಿಯಿತು. ಹಾಗಾಗಿ ಸ್ಪೈನೋಸಾರಸ್ ಚಿತ್ರವೂ ಮತ್ತೆ ಬದಲಾಯಿತು.

ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತ ಮೇಷ್ಟ್ರು ಬಂದು ಕಿತ್ತುಕೊಳ್ಳಬಹುದಾದ ಪೀರಿಯಡ್ ಎಂದು ತಿಳಿದವರ ನಡುವೆ ನಾನು ಕೆಲಸ ಮಾಡಿದ್ದೇನೆ. ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ. ಕಲ್ಲು ಪುಡಿಯಾಯಿತು, ಕಟ್ಟಡ ಉರಿಯಿತು, ಕೈಯಲ್ಲಿ ಬರೆದ ಗೆರೆ ಉಳಿಯಿತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ವಿಗೆ ಗಿಡಗಳ ಚಿತ್ರಗಳನ್ನು ತಾವೇ ಬರೆದರು. ವಿಜ್ಞಾನಿಗೆ ಚಿತ್ರ ಬರೆಯುವ ಕೈ ಏನು ಮಾಡಿಕೊಡುತ್ತದೆ ಎಂದು ತಿಳಿಯಲು ಕನ್ನಡಿಗರು ಆ ಪುಸ್ತಕ ತೆರೆದರೆ ಸಾಕು.

ಐದನೆಯ ಮಾತು ಫೋನಿನದು. ಈಗ ಯಾವ ಚಿತ್ರ ಬೇಕಾದರೂ ಬೆರಳ ತುದಿಯಲ್ಲಿ ಸಿಗುತ್ತದೆ, ಗೋಡೆ ಯಾಕೆ ಎನ್ನುತ್ತಾರೆ. ಸಿಗುತ್ತದೆ, ಆದರೆ ಯಾರು ಬರೆದದ್ದು, ಯಾವ ವರ್ಷದ್ದು, ಯಾವ ಮೂಳೆಯ ಆಧಾರ ಎಂಬುದು ಅದರ ಜೊತೆ ಬರುವುದು ಅಪರೂಪ. 1993ರ ‘ಜುರಾಸಿಕ್ ಪಾರ್ಕ್’ ನೋಡಿದ ಮಕ್ಕಳಿಗೆಲ್ಲ ವೆಲಾಸಿರ‍್ಯಾಪ್ಟರ್ ಅಂದರೆ ಆಳೆತ್ತರದ ಬೋಳುಮೈಯ ಪ್ರಾಣಿ. ನಿಜವಾದದ್ದು ಟರ್ಕಿ ಕೋಳಿಯ ಗಾತ್ರದ್ದು. ಅದರ ಮುಂಗೈ ಮೂಳೆಯ ಮೇಲೆ ಗರಿ ಕೂರುವ ಗುಬುಟುಗಳನ್ನು 2007ರಲ್ಲಿ ಗುರುತಿಸಿದರು. ಕಂಪ್ಯೂಟರಿನಲ್ಲಿ ಮಾಡಿದ ಮಾತ್ರಕ್ಕೆ ಚಿತ್ರ ಸರಿಯಾಗುವುದಿಲ್ಲ.

ಮಕ್ಕಳು ಹೆದರುತ್ತಾರೆ ಎಂದೂ ಒಬ್ಬರು ಹೇಳಿದರು. ಮೂವತ್ತು ವರ್ಷದಿಂದ ಮಕ್ಕಳು ಆ ಗೋಡೆಗೆ ಒರಗಿ ಊಟ ಮಾಡಿದ್ದಾರೆ, ಅದರ ಮುಂದೆ ಕುಂಟೆಬಿಲ್ಲೆ ಆಡಿದ್ದಾರೆ. ನಿಂತ ಪ್ರಾಣಿಯ ಮೊಣಕಾಲು ಮಕ್ಕಳ ಕೈ ತಾಗಿ ತಾಗಿ ನಯವಾಗಿ ಹೊಳೆಯುತ್ತಿದೆ.

ಖರ್ಚಿನ ಮಾತು ಯಾರೂ ಬಾಯಿಬಿಟ್ಟು ಆಡಲಿಲ್ಲ, ಆದರೆ ಅದು ಎಲ್ಲರ ಮನಸ್ಸಿನಲ್ಲಿದೆ. ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಬೇಸಿಗೆ ರಜೆಯಲ್ಲಿ ಸುಣ್ಣದವರು ಬಂದಾಗ ಬಾವಿ ಕಡೆಯ ಗೋಡೆಯಲ್ಲಿ ಚಿತ್ರವಿರುವ ಎಂಟು ಅಡಿ ಅಗಲ, ಆರು ಅಡಿ ಎತ್ತರದ ಜಾಗ ಬಿಡಿಸಿ. ಕೆಳಗಿನ ಚಕ್ಕೆಯೆದ್ದ ಕಡೆ ಮಾತ್ರ ನಾನು ಗಾರೆ ಹಿಡಿಸಿ, ಮೇಲಿನ ಬಣ್ಣ ಮುಟ್ಟದೆ ಬಿಡುತ್ತೇನೆ. ಬಲಗಡೆ ಅಷ್ಟೇ ಜಾಗ ಕೊಡಿ. ಅಲ್ಲಿ ರಾಜಾಸಾರಸ್ ಬರೆಯುತ್ತೇನೆ. ಗುಜರಾತಿನ ರಹಿಯೋಲಿಯಲ್ಲಿ ಮೂಳೆ ಸಿಕ್ಕಿ 2003ರಲ್ಲಿ ಹೆಸರು ಪಡೆದ, ಹಣೆಯ ಮೇಲೆ ಗಿಡ್ಡ ಕೊಂಬಿನ, ನಮ್ಮದೇ ದೇಶದ ಪ್ರಾಣಿ. ಬೆನ್ನು ನೆಲಕ್ಕೆ ಸಮ, ಬಾಲ ಹಿಂದಕ್ಕೆ ಚಾಚಿ. ಬಣ್ಣ, ಕುಂಚ, ಏಣಿ ಎಲ್ಲ ನನ್ನದೇ. ಎರಡು ಚಿತ್ರದ ಕೆಳಗೂ ಇಸವಿ ಬರೆಯುತ್ತೇನೆ. ಹೊಸದರ ಬಲಗಡೆ ಇನ್ನೆಂಟು ಅಡಿ ಖಾಲಿ ಬಿಡಲು ದಯವಿಟ್ಟು ಒಪ್ಪಿಗೆ ಕೊಡಿ. ನಾನು ಬರೆದದ್ದನ್ನು ಮುಂದೊಂದು ದಿನ ತಿದ್ದಬೇಕಾಗುತ್ತದೆ, ಆಗ ಈ ಶಾಲೆಯ ಮಗುವೊಂದಕ್ಕೆ ಆ ಜಾಗ ಬೇಕು.